ಸಹಾಯ ಬೇಕು: ಹಾಜಿ ಅಲಿ ದಾರಿ ಎಷ್ಟು ಮೀಟರ್ ಉಬ್ಬರಕ್ಕೆ ಮುಳುಗುತ್ತದೆ?

ಕಾಸರಗೋಡಿನಿಂದ ಮುಂಬೈಗೆ ಹೊರಟ ತಂಡದಲ್ಲಿ ಎಲ್ಲ ಮತದವರೂ ಇದ್ದಾರೆ. ಪ್ರಭಾದೇವಿಯ ಸಿದ್ಧಿವಿನಾಯಕ, ಮಾಹಿಮ್‌ನ ಸೇಂಟ್ ಮೈಕಲ್ ಇಗರ್ಜಿ, ಸಮುದ್ರದ ನಡುವಿನ ಹಾಜಿ ಅಲಿ ದರ್ಗಾ, ಕಾಲಾ ಘೋಡಾದ ಯಹೂದಿ ಸಿನಗಾಗ್ (ಪ್ರಾರ್ಥನಾ ಮಂದಿರ), ನಾಲ್ಕೂ ಒಂದೇ ದಿನ ಆಗಬೇಕು. ಮಂಗಳವಾರ ಸಿದ್ಧಿವಿನಾಯಕದಲ್ಲಿ ನೂಕುನುಗ್ಗಲು, ಬುಧವಾರ ಮಾಹಿಮ್‌ನಲ್ಲಿ ನೊವೆನಾ ಎಂಬ ವಿಶೇಷ ಪ್ರಾರ್ಥನೆ, ಶುಕ್ರವಾರ ದರ್ಗಾದಲ್ಲಿ ಜನಸಾಗರ, ಶನಿವಾರ ಯಹೂದಿಗಳ ಸಬ್ಬತ್, ಅಂದರೆ ವಿಶ್ರಾಂತಿಯ ದಿನ. ಉಳಿದ ದಿನಗಳಲ್ಲಿ ಗುರುವಾರ ಆರಿಸಿಕೊಂಡಿದ್ದೇವೆ. ಪಾರ್ಸಿಗಳ ಅಗ್ನಿ ದೇಗುಲವಾದ ಅಗಿಯಾರಿಯೊಳಗೆ ಬೇರೆಯವರನ್ನು ಬಿಡುವುದಿಲ್ಲ, ಅದನ್ನು ಕೈಬಿಟ್ಟಾಯ್ತು. ಸಿನಗಾಗಿಗೆ ಗುರುತಿನ ಚೀಟಿ ಇಟ್ಟುಕೊಂಡಿದ್ದೇವೆ.

ಸಿಕ್ಕಿಹಾಕಿಕೊಂಡದ್ದು ಹಾಜಿ ಅಲಿಯಲ್ಲಿ. ನಮ್ಮೂರ ತಳಂಗರೆಯ ಮಾಲಿಕ್ ದೀನಾರ್ ಪಳ್ಳಿಗೆ (ಮಸೀದಿಗೆ) ಹೋದಂತೆ ಬೇಕಾದಾಗ ಹೋಗಲು ಆಗುವುದಿಲ್ಲ ಮಾರಾಯ್ರೆ, ಉಬ್ಬರ ಬಂದರೆ ದಾರಿಯೇ ನೀರಿನಡಿ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ದೊಡ್ಡ ಉಬ್ಬರ ಬರುವುದು ಮಧ್ಯಾಹ್ನದ ಹೊತ್ತಿಗೆ. ಆಮೇಲೆ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಉಬ್ಬರದ ಪಟ್ಟಿ ನೋಡಿದೆವು. ಅದರಲ್ಲಿ ಸಮಯ ಮತ್ತು ಮೀಟರ್ ಲೆಕ್ಕ ಇದೆ, ದಾರಿಯ ಎತ್ತರ ಇಲ್ಲ. ದರ್ಗಾಕ್ಕೆ ಫೋನ್ ಮಾಡಿದರೆ "ಬೆಳಿಗ್ಗೆ ಬನ್ನಿ" ಅಂತಷ್ಟೇ ಉತ್ತರ. ತಂಡದಲ್ಲಿ ಗಾಲಿಕುರ್ಚಿಯವರೊಬ್ಬರು ಇರುವುದರಿಂದ ಪಾದ ಮುಳುಗುವಷ್ಟು ನೀರಿದ್ದರೂ ಕಷ್ಟ.

ಮುಂಬೈಯಲ್ಲಿರುವವರು ಹೇಳಿ: ಪಟ್ಟಿಯಲ್ಲಿ ಎಷ್ಟು ಮೀಟರ್ ದಾಟಿದರೆ ದಾರಿ ಮುಳುಗುತ್ತದೆ, ಉಬ್ಬರಕ್ಕೆ ಎಷ್ಟು ಗಂಟೆ ಮೊದಲು ವಾಪಸು ಹೊರಡಬೇಕು?