ಪಿತ್ತಕೋಶದ ಕಲ್ಲು: ಲ್ಯಾಪ್ರೋಸ್ಕೋಪಿನಾ, ಓಪನ್ನಾ?

ಹಾಸನದ ಹುಡುಗಿ: ಅಮ್ಮನಿಗೆ 58 ವರ್ಷ. ಪಿತ್ತಕೋಶದಲ್ಲಿ ಕಲ್ಲುಗಳಿವೆ, ಊಟ ಆದ ಮೇಲೆ ಬಲಗಡೆ ಪಕ್ಕೆಲುಬಿನ ಕೆಳಗೆ ವಿಪರೀತ ನೋವು. ಒಬ್ಬ ಡಾಕ್ಟರು ಲ್ಯಾಪ್ರೋಸ್ಕೋಪಿ, ಅಂದರೆ ಸಣ್ಣ ತೂತಿನಲ್ಲಿ ಕ್ಯಾಮೆರಾ ಇಳಿಸಿ ಮಾಡುವ ಆಪರೇಷನ್, ಅಂದರು. ದೊಡ್ಡಪ್ಪ ಮಾತ್ರ ಹೊಟ್ಟೆ ತೆರೆದು ಮಾಡಿಸಿದರೇ ಗ್ಯಾರಂಟಿ ಅನ್ನುತ್ತಾರೆ. ಕಿಡ್ನಿಯಲ್ಲಿ ತೆಗೆದ ಹಾಗೆ ಬರೀ ಕಲ್ಲು ತೆಗೆಯಲು ಆಗಲ್ವಾ?

ತೋಟದಮನೆ: ನನಗೆ ಹೋದ ವರ್ಷ ಲ್ಯಾಪ್ರೋಸ್ಕೋಪಿ ಆಯಿತು. ನಾಲ್ಕು ಸಣ್ಣ ತೂತು, ಮಾರನೇ ದಿನ ಮನೆಗೆ ಬಂದೆ. ಹೊಟ್ಟೆಗಿಂತ ಭುಜ ಜಾಸ್ತಿ ನೋಯುತ್ತಿತ್ತು. ಹೊಟ್ಟೆ ಉಬ್ಬಿಸಲು ತುಂಬುವ ಗ್ಯಾಸ್‌ನಿಂದ ಹಾಗಾಗುತ್ತದಂತೆ. ಎರಡು ದಿನಕ್ಕೆ ಹೋಯಿತು. ಅಮ್ಮನಿಗೆ ಮೊದಲೇ ಹೇಳಿಡಮ್ಮ, ಹೆದರುತ್ತಾರೆ.

ಸರ್ಜರಿ ವಿದ್ಯಾರ್ಥಿ: ಕಲ್ಲು ಹುಟ್ಟುವುದೇ ಆ ಚೀಲದಲ್ಲಿ. ಅದನ್ನು ಬಿಟ್ಟು ಕಲ್ಲು ಮಾತ್ರ ತೆಗೆದರೆ ಮತ್ತೆ ಕಟ್ಟಬಹುದು. ಹಾಗಾಗಿ ಚೀಲವನ್ನೇ ತೆಗೆಯುತ್ತಾರೆ. ಆಮೇಲೆ ಪಿತ್ತ ಲಿವರ್‌ನಿಂದ ನೇರ ಕರುಳಿಗೆ ಹೋಗುತ್ತದೆ.

ನಿಮ್ಮ ದೊಡ್ಡಪ್ಪನ ಭಯ ಸುಮ್ನೆ ಹುಟ್ಟಿದ್ದಲ್ಲ. 1985ರಲ್ಲಿ ಜರ್ಮನಿಯ ಎರಿಕ್ ಮ್ಯೂಹೆ ಮೊದಲ ಸಲ ಲ್ಯಾಪ್ರೋಸ್ಕೋಪಿಯಲ್ಲಿ ಪಿತ್ತಕೋಶ ತೆಗೆದಾಗ ಅಲ್ಲಿನ ಸರ್ಜನ್‌ಗಳೇ ಒಪ್ಪಲಿಲ್ಲ. 1990ರಲ್ಲಿ ಮುಂಬಯಿಯಲ್ಲಿ ತೆಹೆಮ್ಟನ್ ಉದ್ವಾಡಿಯಾ ಇಲ್ಲೂ ಶುರುಮಾಡಿದರು. ಈ ವಿಧಾನ ಹರಡಿದ ಮೊದಲ ವರ್ಷಗಳಲ್ಲಿ ಲಿವರ್‌ನಿಂದ ಕರುಳಿಗೆ ಪಿತ್ತ ಒಯ್ಯುವ ಮುಖ್ಯ ಪಿತ್ತನಾಳಕ್ಕೆ ಪೆಟ್ಟಾಗುವುದು ಓಪನ್‌ಗಿಂತ ಹೆಚ್ಚಿತ್ತು. ಆ ನಾಳವನ್ನೇ ಪಿತ್ತಕೋಶದ ನಾಳ ಅಂದುಕೊಂಡು ಕತ್ತರಿಸಿಬಿಡುವ ಅಪಾಯ ಅದು. ಈಗ ಎಲ್ಲವನ್ನೂ ಬಿಡಿಸಿ, ಪಿತ್ತಕೋಶಕ್ಕೆ ಎರಡೇ ಎಳೆ, ಒಂದು ನಾಳ ಒಂದು ರಕ್ತನಾಳ, ಸೇರುವುದನ್ನು ಕಣ್ಣಾರೆ ನೋಡಿಯೇ ಕತ್ತರಿಸಬೇಕು ಎಂದು ಕಲಿಸುತ್ತಾರೆ.

ದಾವಣಗೆರೆ ಮಗ: ಅಪ್ಪನಿಗೆ ತೂತು ಹಾಕಿ ಶುರುಮಾಡಿ, ಅರ್ಧದಲ್ಲಿ ಹೊಟ್ಟೆ ತೆರೆದರು. ನಾನು ಡಾಕ್ಟರ ಮೇಲೆ ಕೂಗಾಡಿದೆ. ಆಮೇಲೆ ಅವರು ಕೂರಿಸಿಕೊಂಡು ಹೇಳಿದರು: ಪಿತ್ತಕೋಶ ಕೀವಾಗಿ ಸುತ್ತಲಿನದ್ದಕ್ಕೆಲ್ಲ ಅಂಟಿತ್ತು, ನಾಳ ಕಾಣುತ್ತಿರಲಿಲ್ಲ. ಅಂಥ ಹೊತ್ತಲ್ಲಿ ತೆರೆದದ್ದೇ ಅಪ್ಪನನ್ನು ಉಳಿಸಿತು. ವಾರ ಆಸ್ಪತ್ರೆ, ತಿಂಗಳು ಗದ್ದೆಗೆ ಇಳಿಯಲಿಲ್ಲ, ನಿಜ. ಆದರೂ ಅದನ್ನು ಸೋಲು ಅನ್ನಬೇಡಿ.

ಬೆಂಗಳೂರು ಟೆಕ್ಕಿ: ರೋಬೋಟ್ ಇರುವ ಕಡೆ ಹೋಗಿ. ಕೈ ನಡುಗುವುದಿಲ್ಲ, ಚಿತ್ರವೂ ಸ್ಪಷ್ಟ. ದುಡ್ಡು ಜಾಸ್ತಿ ಆದರೂ ಅಮ್ಮನ ವಿಷಯ ಅಲ್ವಾ?

ಸರ್ಜರಿ ವಿದ್ಯಾರ್ಥಿ: ಕಾಳಜಿ ಸರಿ ಸರ್, ಆದರೆ ದುಬಾರಿ ಅಂದರೆ ಕ್ಷೇಮ ಅಂತಲ್ಲ. 2023ರಲ್ಲಿ ಅಮೆರಿಕದ ಮೆಡಿಕೇರ್ ಎಂಬ ಸರ್ಕಾರಿ ಆರೋಗ್ಯ ವಿಮೆಯ ರೋಗಿಗಳ ಲೆಕ್ಕ ಬಂತು. ಪಿತ್ತನಾಳದ ಪೆಟ್ಟು ರೋಬೋಟ್‌ನಲ್ಲಿ ನೂರಕ್ಕೆ 0.7, ಮಾಮೂಲಿ ಲ್ಯಾಪ್ರೋಸ್ಕೋಪಿಯಲ್ಲಿ 0.2. ಒಂದೇ ತೂತು ಹಾಕಿ ಮಾಡುವ ಲ್ಯಾಪ್ರೋಸ್ಕೋಪಿಯೂ ಅಷ್ಟೆ, ಕಲೆ ಕಾಣುವುದಿಲ್ಲ, ಆದರೆ ಹೊಕ್ಕುಳ ಹತ್ತಿರ ಹರ್ನಿಯಾ ಆಗುವ ಸಂಭವ ಹೆಚ್ಚು.

ತೋಟದಮನೆ: ನೋವು ಬಂದು ಜ್ವರ ಶುರುವಾದರೆ ಕಾಯಬೇಡಮ್ಮ. ನಾನು ಎರಡು ತಿಂಗಳು ಕಷಾಯ ಕುಡಿದು ಕೂತೆ, ಕಷ್ಟಪಟ್ಟಿದ್ದೇ ಬಂತು.

ಹಾಸನದ ಹುಡುಗಿ: ಎಲ್ಲರಿಗೂ ಧನ್ಯವಾದ. ನಾಳೆ ದೊಡ್ಡಪ್ಪನನ್ನೂ ಕರೆದುಕೊಂಡು ಹೋಗುತ್ತೇನೆ. ನಾಳ ಕಾಣದೇ ಇದ್ದರೆ ನೀವು ಏನು ಮಾಡುತ್ತೀರಿ ಡಾಕ್ಟರೇ ಅಂತ ಅವರೆದುರೇ ಕೇಳುತ್ತೇನೆ.