ಕಬ್ಬಿಣಕಲ್ಲಿನೊಳಗಿನ ಓಪಲ್: ಗುರುತಿಸೋದು ಹೇಗೆ, ಎಷ್ಟು ಕೊಡಬಹುದು?

ಪ್ರಶ್ನೆ: ಬ್ರಿಸ್ಬೇನ್‌ನಲ್ಲಿದ್ದೇನೆ. ಕ್ವೀನ್ಸ್‌ಲ್ಯಾಂಡ್‌ನ ವಿಂಟನ್ ಕಡೆಯ ಬೌಲ್ಡರ್ ಓಪಲ್ (ಕಂದು ಕಬ್ಬಿಣಕಲ್ಲಿಗೆ ಪದರವಾಗಿ ಹತ್ತಿಕೊಂಡಿರುವ, ಬಣ್ಣ ಮಿಂಚುವ ರತ್ನ) ಮಾರಾಟಕ್ಕಿದೆ, ಇನ್ನೂ ಸಾಣೆ ಹಿಡಿಯದ ಕಲ್ಲು. ಅಂಚಿನಲ್ಲಿ ಹಸಿರು, ನೀಲಿ ಗೆರೆ ಕಾಣುತ್ತೆ. ನೀರು ತುಂಬಿದ ಡಬ್ಬದಲ್ಲಿಟ್ಟು ಕೆಜಿ ಲೆಕ್ಕದಲ್ಲಿ ಕೊಡ್ತಿದ್ದಾರೆ. ತಗೊಳ್ಳಬಹುದಾ?

ಉತ್ತರ 1: ಮೊದಲು ನೀರಿನಿಂದ ಹೊರಗೆ ತೆಗೆಸಿ, ಸರ್. ಒದ್ದೆಯಾಗಿದ್ದರೆ ಕೂದಲೆಳೆಯಂಥ ಬಿರುಕು ಕಾಣೋದಿಲ್ಲ, ಬಣ್ಣವೂ ಇರೋದಕ್ಕಿಂತ ಹೆಚ್ಚು ಹೊಳೆಯುತ್ತೆ. ಓಪಲ್‌ನೊಳಗೇ ನೀರಿನಂಶ ಇರುತ್ತೆ. ಕೆಲವು ಕಲ್ಲು ಒಣಗುತ್ತಾ ಬಲೆಬಲೆಯಾಗಿ ಸೀಳುತ್ತವೆ. ಕೆಲವು ತಿಂಗಳು ಒಣಗಿಯೂ ಬಿರುಕು ಬಿಡದ ಕಲ್ಲಿಗೆ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಆಮೇಲೆ 10 ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ (ಪುಟ್ಟ ಭೂತಗನ್ನಡಿ) ಹಿಡಿದು ಗೆರೆಯನ್ನು ಕಲ್ಲಿನ ಸುತ್ತ ಹಿಂಬಾಲಿಸಿ. ಎದುರು ಅಂಚಿನಲ್ಲೂ ಅದೇ ಮಟ್ಟದಲ್ಲಿ ಬಣ್ಣ ಬಂದರೆ ಪದರ ಒಳಗೂ ಹಬ್ಬಿರುವ ಸಂಭವ ಹೆಚ್ಚು. ಸಂಭವ ಅಷ್ಟೇ: ನಡುವೆ ಬಣ್ಣ ಸತ್ತು ಬರೀ ಬೂದು ಪಾಚ್ (ಬಣ್ಣ ಮಿಂಚದ ಸಾದಾ ಓಪಲ್) ಉಳಿದಿರೋದೂ ಉಂಟು. ಒಂದೇ ಕಡೆ ಚುಕ್ಕೆಯಷ್ಟು ಬಣ್ಣ ಇದ್ದರೆ ಅದನ್ನು ಲೆಕ್ಕಕ್ಕೇ ಹಿಡಿಯಬೇಡಿ.

ಪದರ ತೆಳ್ಳಗಿದೆ ಅಂತ ಬಿಟ್ಟುಬಿಡಬೇಡಿ. ದಕ್ಷಿಣ ಆಸ್ಟ್ರೇಲಿಯಾದ ಕೂಬರ್ ಪೀಡಿಯ ಬಿಳಿ ಓಪಲ್‌ಗೆ ದಪ್ಪ ಬೇಕು. ಬೌಲ್ಡರ್‌ನಲ್ಲಿ ಹಿಂದಿನ ಕಂದು ಕಲ್ಲೇ ಬಣ್ಣವನ್ನು ಎತ್ತಿ ತೋರಿಸುತ್ತೆ, ಗಟ್ಟಿಯಾಗಿ ಹಿಡಿದೂ ಇರುತ್ತೆ. ಒಂದು ಮಿಲಿಮೀಟರ್ ಪದರದಲ್ಲೂ ಚಂದದ ಹರಳು ಆಗುತ್ತೆ. ದಯವಿಟ್ಟು ಓಪಲನ್ನು ಆ ಕಲ್ಲಿನಿಂದ ಬಿಡಿಸಲು ಹೋಗಬೇಡಿ.

ಉತ್ತರ 2: ಕೆಜಿ ಲೆಕ್ಕ ಬೇಡವೇ ಬೇಡ. ತೂಕವೆಲ್ಲ ಕಬ್ಬಿಣಕಲ್ಲಿನದು. ಸಾಣೆಯಾದ ಬೌಲ್ಡರ್ ಹರಳನ್ನೂ ಹೆಚ್ಚಾಗಿ ಬಿಡಿಯಾಗಿ ನೋಡಿಯೇ ಬೆಲೆ ಕಟ್ಟೋದು. ಕಾಣುವ ಬಣ್ಣದಲ್ಲಿ ಎಷ್ಟು ಮಿಲಿಮೀಟರ್ ಉದ್ದಗಲದ ಹರಳು ಬರುತ್ತೆ ಅಂತ ಪೆನ್ಸಿಲ್‌ನಲ್ಲಿ ಗುರುತು ಹಾಕಿ, ಅಂಥ ಹರಳಿನ ಮಾರುಕಟ್ಟೆ ಬೆಲೆ ನೋಡಿ. ಅದು 300 ಡಾಲರ್ ಅಂದುಕೊಳ್ಳಿ. ಕೂಲಿ, ಕೊಯ್ಯುವಾಗ ಹೋಗುವ ಭಾಗ, ಒಳಗೆ ಬಣ್ಣ ಕೈಕೊಡುವ ಅಪಾಯ ಎಲ್ಲ ಕಳೆದರೆ ನನ್ನ ಪ್ರಕಾರ 80ರ ಮೇಲೆ ಹೋಗಬಾರದು.

ಬೆಲೆ ಕಟ್ಟುವಾಗ ಹೊಳಪು ಮೊದಲು, ಬಣ್ಣ ಆಮೇಲೆ. ಕೆಂಪಿಗೆ ಬೆಲೆ ಹೆಚ್ಚು, ಬರೀ ನೀಲಿಗೆ ಕಡಿಮೆ. ಆದರೆ ಮಂಕಾದ ಕೆಂಪಿಗಿಂತ ಝಗ್ಗೆನ್ನುವ ಹಸಿರೇ ಮೇಲು. ಕಲ್ಲನ್ನು ಒಂದೇ ದೀಪದಡಿ ಸುತ್ತಲೂ ತಿರುಗಿಸಿ. ಒಂದೇ ಕೋನದಲ್ಲಿ ಮಿಂಚಿ ಉಳಿದ ಕಡೆ ಕಪ್ಪಾದರೆ ಬೆಲೆ ಇಳಿಸಿ. ಅಂಚಿನಲ್ಲಿ ಕಂಡ ಹೊಳಪು ಮೇಲ್ಮುಖದಲ್ಲೂ ಇರುತ್ತೆ ಅನ್ನೋ ಖಾತ್ರಿ ಇಲ್ಲ. ಅದಕ್ಕೇ ಮಾರುವವರ ಒಪ್ಪಿಗೆ ಪಡೆದು ಮೇಲೊಂದು ಸಣ್ಣ ಕಿಂಡಿ ತೆರೆಸಿ: 220 ಗ್ರಿಟ್‌ನ ಒರಟು ಸಾಣೆ ಚಕ್ರದಲ್ಲಿ ಕಲ್ಲು ಸವೆಸಿ, ಬಣ್ಣ ಇಣುಕಿದ ಕೂಡಲೇ ನಯವಾದ 600ಕ್ಕೆ ಬದಲಿಸಬೇಕು. ನೀರು ಸತತ ಹರಿಯುತ್ತಿರಲಿ. ಬಿಸಿಯಾದರೆ ಓಪಲ್ ಸೀಳುತ್ತೆ, ಒಣ ಧೂಳಿನ ಸಿಲಿಕಾ ಶ್ವಾಸಕೋಶ ಕೆಡಿಸುತ್ತೆ. ಮಾಸ್ಕ್ ಕಡ್ಡಾಯ.

ಉತ್ತರ 3: ತೆಳು ಓಪಲನ್ನು ಬೇರೆ ಕಲ್ಲಿಗೆ ಅಂಟಿಸಿದ ಮಾಲಿನ ಬಗ್ಗೆಯೂ ಎಚ್ಚರ, ಸರ್. ನಿಜವಾದದ್ದರಲ್ಲಿ ಓಪಲ್ ಮತ್ತು ಕಂದು ಕಲ್ಲು ಸೇರುವ ಗೆರೆ ಸಾಮಾನ್ಯವಾಗಿ ಅಂಕುಡೊಂಕು, ಸಣ್ಣ ಎಳೆಗಳು ಕಲ್ಲಿನೊಳಗೂ ನುಗ್ಗಿರುತ್ತವೆ. ಸ್ಕೇಲ್ ಇಟ್ಟು ಎಳೆದಂತೆ ನೇರವಾಗಿದ್ದು, ಲೂಪ್‌ನಲ್ಲಿ ಗಾಳಿಗುಳ್ಳೆ ಕಂಡರೆ ಅಂಟು ಇದೆ ಅಂತ ತಿಳಿದು ವಾಪಸ್ ಕೊಡಿ.

ಇನ್ನು ಜೈಪುರದಲ್ಲಿ ಸಾಣೆಯಾಗುವ ಇಥಿಯೋಪಿಯಾದ ವೆಲೋ ಓಪಲ್‌ನ ಸ್ವಭಾವವೇ ಬೇರೆ. ಅದು ನೀರು ಹೀರಿ ಬಣ್ಣ ಕಳೆದುಕೊಂಡು, ಒಣಗಿದ ಮೇಲೆ ಮತ್ತೆ ಪಡೆಯಬಲ್ಲದು. ಒಣ ಮೈಗೆ ನಾಲಿಗೆ ತಾಗಿಸಿದರೆ ಅಂಟಿದಂತಾಗುತ್ತೆ. ವಿಂಟನ್‌ನದು ಅಂತ ಕೊಟ್ಟ ಕಲ್ಲು ಹಾಗೆ ಮಾಡಿದರೆ ಊರಿನ ಹೆಸರೇ ಸುಳ್ಳಿರಬಹುದು, ಕೇಳಿ.