ಪುಣೆಯ ಲ್ಯಾಬ್ ಕೆಲಸ ಬಿಟ್ಟು ಮಣ್ಣು ವಿಜ್ಞಾನದಲ್ಲಿ ಪಿಎಚ್‌ಡಿಗೆ ಹೋಗಬಹುದಾ? ವಯಸ್ಸು 29

ಎರೆಹೊಲದವಳು (ಹಡಪ್ಸರ್, ಪುಣೆ)

ಎಲ್ಲರಿಗೂ ನಮಸ್ಕಾರ. ಊರು ವಿಜಯಪುರದ ಕಡೆ. ಧಾರವಾಡದಲ್ಲಿ ಎಂಎಸ್ಸಿ ಅಗ್ರಿ ಮಾಡಿದ್ದು, ಮಣ್ಣು ವಿಜ್ಞಾನ. ನಾಲ್ಕು ವರ್ಷದಿಂದ ಇಲ್ಲಿನ ಒಂದು ಖಾಸಗಿ ಮಣ್ಣು ಪರೀಕ್ಷೆ ಲ್ಯಾಬ್‌ನಲ್ಲಿದ್ದೇನೆ. ದಿನಕ್ಕೆ ಐವತ್ತು ಅರವತ್ತು ಸ್ಯಾಂಪಲ್. ಸಾವಯವ ಇಂಗಾಲ ಅಳೆಯಲು ಒಂದು ಗ್ರಾಂ ಮಣ್ಣು ತೂಗು, ಡೈಕ್ರೋಮೇಟ್ ಹಾಕು, ಸಲ್ಫ್ಯೂರಿಕ್ ಆಸಿಡ್ ಸುರಿ, ಅರ್ಧ ಗಂಟೆ ಬಿಡು, ಆಮೇಲೆ ಬ್ಯುರೆಟ್ ಮುಂದೆ ನಿಲ್ಲು. ನೀಲಿ ಹೋಗಿ ಹಸಿರು ಬಂತೋ, ನಿಲ್ಲಿಸು. ಈಗೀಗ ಕನಸಿನಲ್ಲೂ ಹಸಿರೇ.

ಬೇಜಾರು ಅದಕ್ಕಲ್ಲ. ಹೋದ ತಿಂಗಳು ಕೊಂಕಣದಿಂದ ಕೆಂಪು ಮಣ್ಣಿನ ಸ್ಯಾಂಪಲ್ ಬಂದವು, ಪಿಎಚ್ 5.2. ರಂಜಕಕ್ಕೆ ಇಲ್ಲಿ ಎಲ್ಲದಕ್ಕೂ ಓಲ್ಸೆನ್ ಪದ್ಧತಿ. ನಮ್ಮ ಕಡೆಯ ಎರೆ ಮಣ್ಣಿಗೆ ಅದು ಸರಿ, ಇಂಥ ಹುಳಿ ಮಣ್ಣಿಗೆ ಬ್ರೇ ಮಾಡಬೇಕು ಅಂತ ಹೇಳಿದೆ. "ರೈತ ಬಂದು ಯಾವ ಪದ್ಧತಿ ಅಂತ ಕೇಳ್ತಾನಾ ಮೇಡಂ?" ಅಂದರು ಲ್ಯಾಬ್‌ನವರು. ಆ ರಿಪೋರ್ಟ್ ಮೇಲೆ ನನ್ನದೇ ಸಹಿ. ಅವತ್ತಿನಿಂದ ತಲೆಯಲ್ಲಿ ಪಿಎಚ್‌ಡಿ ಓಡುತ್ತಿದೆ. ಓದಿಸುವುದು ಅಂದರೂ ಇಷ್ಟ. ಆದರೆ ಮನೆಯಲ್ಲಿ ಅವ್ವ, "ಮಣ್ಣು ಓದಿ ಇನ್ನೂ ಎಷ್ಟು ಓದ್ತೀ" ಅಂತಾಳೆ. ಈ ವಯಸ್ಸಿಗೆ ಹೋದವರು, ಹೋಗಿ ಕೈ ಸುಟ್ಟುಕೊಂಡವರು ಇದ್ದರೆ ಹೇಳಿ. ಇಲ್ಲಿನ ರಾಹುರಿ ಕೃಷಿ ವಿವಿಯೋ ಧಾರವಾಡವೋ, ಅದೂ ಗೊತ್ತಾಗುತ್ತಿಲ್ಲ.

ಗಜನಿ ಕಗ್ಗ (ಗೋವಾ)

ಅಕ್ಕ, ಕೈ ಸುಟ್ಟುಕೊಂಡವನು ನಾನೇ, ಆದರೂ ಹೋಗಿ ಅಂತಲೇ ಹೇಳುತ್ತೇನೆ. ನಾನು ಕುಮಟಾದವನು. ನಮ್ಮಲ್ಲಿ ಗಜನಿ ಅಂತ ಕರೆಯುವ ಉಪ್ಪುನೀರಿನ ಗದ್ದೆಗಳಿಗೆ ಇಲ್ಲಿ ಖಜಾನ್ ಅಂತಾರೆ. ಅದೇ ಬಾಂದು, ಅದೇ ಮರದ ಬಾಗಿಲು, ಏರಿಳಿತದ ಲೆಕ್ಕವೂ ಅದೇ. ನಮ್ಮಲ್ಲಿ ಕಗ್ಗ ಭತ್ತ, ಇಲ್ಲಿ ಕೊರ್ಗುಟ್. ಇದರ ಮೇಲೇ ನನ್ನ ಥೀಸಿಸ್. ಮಳೆ ಬಂದು ಉಪ್ಪು ತೊಳೆದು ಹೋಗುವಾಗ ಮಣ್ಣಿನೊಳಗಿನ ಸೂಕ್ಷ್ಮಜೀವಿಗಳು ಏನಾಗುತ್ತವೆ ಅಂತ ನೋಡಬೇಕಿತ್ತು. ಒಂದು ಇಡೀ ಮಳೆಗಾಲದ ಸ್ಯಾಂಪಲ್ ಫ್ರೀಜರ್‌ನಲ್ಲಿಟ್ಟು ದೀಪಾವಳಿಗೆ ಊರಿಗೆ ಹೋದೆ. ಬಂದು ನೋಡಿದರೆ ಯಾರೋ ಮೊಬೈಲ್ ಚಾರ್ಜಿಗೆ ಪ್ಲಗ್ ಕಿತ್ತಿದ್ದಾರೆ. ಬಾಗಿಲು ತೆಗೆದಾಗ ಬಂದ ಆ ಕೊಳೆತ ಮೊಟ್ಟೆಯ ವಾಸನೆ ಇವತ್ತಿಗೂ ಮೂಗಿನಲ್ಲಿದೆ. ಮುಂದಿನ ಮಳೆಗಾಲದವರೆಗೆ ಕಾಯಬೇಕಾಯಿತು, ಒಂದು ವರ್ಷ ಹೋಯಿತು ಅಷ್ಟೇ. ಈ ವಿಷಯದಲ್ಲಿ ಕ್ಯಾಲೆಂಡರ್ ಮಣ್ಣಿನದು, ನಿಮ್ಮದಲ್ಲ, ಅದನ್ನು ಲೆಕ್ಕಕ್ಕೆ ಹಿಡಿದುಕೊಂಡೇ ಬನ್ನಿ.

ಇನ್ನೊಂದು. ನೀವು ಲ್ಯಾಬ್‌ನಲ್ಲಿ ಮಾಡಿದ ಜಗಳ ಇದೆಯಲ್ಲ, ಅದೇ ಟಾಪಿಕ್. ಬೇರೆಯವರು ಆರು ತಿಂಗಳು ಟಾಪಿಕ್ ಹುಡುಕುತ್ತಾರೆ.

ಡೊಂಬಿವಲಿ ಲೋಕಲ್ (ಮುಂಬೈ)

ಎಲ್ಲರೂ ಹೋಗು ಹೋಗು ಅಂತೀರಿ, ದುಡ್ಡಿನ ಮಾತು ಯಾರೂ ಆಡಲ್ಲ. ನನ್ನ ಗಂಡ ಇದೇ ಲೈನ್. ನೆಟ್ ಅನ್ನುವ ಅರ್ಹತಾ ಪರೀಕ್ಷೆ ಪಾಸಾಗಿ ಪ್ರಾಜೆಕ್ಟ್‌ನಲ್ಲಿ ಜೆಆರ್‌ಎಫ್, ಅಂದರೆ ಸಂಶೋಧನಾ ಫೆಲೋಶಿಪ್, ಸಿಕ್ಕರೆ ತಿಂಗಳಿಗೆ 37,000, ಆಮೇಲೆ 42,000. ಕೇಳುವುದಕ್ಕೆ ಚೆಂದ. ಮೂರು ನಾಲ್ಕು ತಿಂಗಳು ಹಣ ಬರದೇ ಇದ್ದದ್ದೂ ಇದೆ, ಆಗ ಮನೆ ಬಾಡಿಗೆ ನನ್ನ ಸಂಬಳದಲ್ಲಿ. ಪಿಎಚ್‌ಡಿ ಆದ ಮೇಲೂ ಗುತ್ತಿಗೆ ಪಾಠ, ವರ್ಷ ವರ್ಷ ರಿನ್ಯೂ. ಕಾಯಂ ಸಹಾಯಕ ಪ್ರಾಧ್ಯಾಪಕ ಆದರೆ ಮೂಲ ವೇತನ 57,700ರಿಂದ ಶುರು, ಆ ಬಾಗಿಲು ತೆರೆಯುವವರೆಗೆ ಯಾರಾದರೂ ಒಬ್ಬರು ಮನೆ ನಡೆಸಬೇಕು. ಕೈ ಕೆಸರಾಗುವುದು ಗ್ಯಾರಂಟಿ, ಮೊಸರು ಮಾತ್ರ ಸ್ವಲ್ಪ ಲೇಟು. ಮತ್ತೆ ಮುಂಬೈಗೆ ಬರುತ್ತೇನೆ ಅಂತ ಮಾತ್ರ ಅನ್ನಬೇಡಿ, ಇಲ್ಲಿ ಸಾಯಿಲ್ ಅಂದರೆ ಸಿವಿಲ್ ಎಂಜಿನಿಯರ್‌ಗಳ ಕಡೆ ಕೈ ತೋರಿಸುತ್ತಾರೆ, ಅವರಿಗೆ ಮಣ್ಣು ಕಟ್ಟಡ ಹೊತ್ತರೆ ಸಾಕು, ಬೆಳೆ ಬಂದರೆಷ್ಟು ಬಿಟ್ಟರೆಷ್ಟು.

ನಿವೃತ್ತ ಮೇಷ್ಟ್ರು (ಕೋಥ್ರೂಡ್, ಪುಣೆ)

ಡೊಂಬಿವಲಿ ತಂಗಿ ಹೇಳಿದ್ದು ಖರೆ, ಅದಕ್ಕೇ ಕೆಲಸ ಈಗಲೇ ಬಿಡಬೇಡವ್ವ. ಮೊದಲು ಕೃಷಿ ವಿಜ್ಞಾನಿಗಳ ನೇಮಕಾತಿ ಮಂಡಳಿಯ (ಎಎಸ್‌ಆರ್‌ಬಿ) ನೆಟ್ ಬರೆ, ಕೆಲಸದಲ್ಲಿದ್ದುಕೊಂಡೇ ಬರೆಯಬಹುದು. ಎಆರ್‌ಎಸ್‌ಗೆ, ಅಂದರೆ ಕೃಷಿ ಸಂಶೋಧನಾ ಸೇವೆಗೆ, ವಯಸ್ಸಿನ ಮಿತಿ ಇದೆ, ಹೊಸ ಅಧಿಸೂಚನೆ ಕಣ್ಣಿಟ್ಟು ಓದು.

ರಾಹುರಿ, ಧಾರವಾಡ ಅಂತ ಊರು ನೋಡಬೇಡ, ಗೈಡ್ ನೋಡು. ಅವರ ಹತ್ತಿರ ಈಗ ಇರುವ ಇಬ್ಬರು ವಿದ್ಯಾರ್ಥಿಗಳ ಜೊತೆ ಚಹಾ ಕುಡಿ. ಎಷ್ಟು ವರ್ಷ ಆಯಿತು, ಸರ್ ಹೊಲಕ್ಕೆ ಬರುತ್ತಾರಾ, ಇಷ್ಟು ಕೇಳು. ಎರಡನೇ ಪ್ರಶ್ನೆಗೆ ಇಬ್ಬರೂ ನಕ್ಕರೆ ಎದ್ದು ಬಾ.

ಪಾಠದ ವಿಷಯ. ನಾನು ಮೊದಲ ವರ್ಷದ ಹುಡುಗರನ್ನು ಒಂದೇ ದಿನದಲ್ಲಿ ಮುಳಶಿಗೂ ಬಾರಾಮತಿಗೂ ಕರೆದುಕೊಂಡು ಹೋಗುತ್ತಿದ್ದೆ. ಎರಡೂ ಕಡೆ ಕೆಳಗಿರುವುದು ಅದೇ ಬಸಾಲ್ಟ್ ಕಲ್ಲು. ಘಟ್ಟದ ಮಳೆ ತೊಳೆದು ತೊಳೆದು ಮುಳಶಿ ಕಡೆ ಕೆಂಪು ಮಣ್ಣು, ಮಳೆ ಕಮ್ಮಿಯಾದ ಬಾರಾಮತಿ ಕಡೆ ಕಪ್ಪು. ಅಲ್ಲಿ ಎದೆಮಟ್ಟ ಗುಂಡಿ ತೋಡಿಸಿ ಒಬ್ಬೊಬ್ಬರನ್ನೇ ಇಳಿಸುವುದು. ಮೇಲೆ ಬಿರುಕು, ಕೈ ತೂರುವಷ್ಟು. ಕೆಳಗೆ ಹೋದಂತೆ ಮಣ್ಣಿನ ಹೆಂಟೆಗಳ ಮೈ ಎಣ್ಣೆ ಸವರಿದ ಹಾಗೆ ಮಿರಮಿರ ಅನ್ನುತ್ತೆ, ಮಣ್ಣು ನೀರು ಕುಡಿದು ಉಬ್ಬಿದಾಗ ಒಂದರ ಮೇಲೊಂದು ಉಜ್ಜಿ ಆದದ್ದು. ಇನ್ನೂ ಕೆಳಗೆ ಸುಣ್ಣದ ಹರಳು, ಆಮೇಲೆ ಮುರುಮು, ಅರ್ಧ ಪುಡಿಯಾದ ಕಲ್ಲು. ಒದ್ದೆ ಮಾಡಿ ಬೆರಳಲ್ಲಿ ಹಿಂಡಿ ಪಟ್ಟಿ ಎಳೆ ಅಂತಿದ್ದೆ, ಪಟ್ಟಿ ಉದ್ದ ಬಂದಷ್ಟೂ ಜೇಡಿ ಜಾಸ್ತಿ. ಪಿಪಿಟಿ ಹಾಕಿದರೆ ನಿದ್ದೆ ಹೊಡೆಯುವ ಹುಡುಗ ಅಲ್ಲಿ ಕೈ ತೊಳೆಯದೇ ಡಬ್ಬಿ ಬಿಚ್ಚಿ ಊಟಕ್ಕೆ ಕೂರುತ್ತಿದ್ದ. ಆಮೇಲೆ ಟಿಎ ಬಿಲ್ ಪಾಸು ಮಾಡಿಸುವುದಕ್ಕೆ ನಾನು ಮೂರು ತಿಂಗಳು ಓಡಾಡುತ್ತಿದ್ದೆ, ಅದೂ ಈ ನೌಕರಿಯ ಭಾಗವೇ.

ಮರಾಠಿ ಬರುತ್ತದಾ? ಇಲ್ಲಿ ರೈತರ ಜೊತೆ ಅದಿಲ್ಲದೆ ಆಗುವುದಿಲ್ಲ.

ಎರೆಹೊಲದವಳು

ಮರಾಠಿ ಬರುತ್ತೆ ಸರ್, ವಿಜಯಪುರದವರಿಗೆ ಅರ್ಧ ಹುಟ್ಟಿನಿಂದಲೇ. ನೆಟ್‌ಗೆ ಓದಲು ಶುರು ಮಾಡಿದ್ದೇನೆ. ಡೊಂಬಿವಲಿ ಅಕ್ಕ, ಆರು ತಿಂಗಳ ಖರ್ಚು ಕೂಡಿಟ್ಟ ಮೇಲೇ ರಾಜೀನಾಮೆ, ಸರೀನಾ?

ಒಂದು ಕಳ್ಳತನ ಹೇಳಿಬಿಡುತ್ತೇನೆ. ಭಾನುವಾರ ಲ್ಯಾಬ್ ಖಾಲಿ ಇತ್ತು. ಉಳಿದಿದ್ದ ಹನ್ನೆರಡು ಕೊಂಕಣ ಸ್ಯಾಂಪಲ್‌ಗೆ ನನ್ನ ದುಡ್ಡಿನಲ್ಲೇ ಅಮೋನಿಯಂ ಫ್ಲೋರೈಡ್ ತಂದು ಬ್ರೇ ಮಾಡಿದೆ. ಎರಡೂ ಪದ್ಧತಿಯ ಅಂಕಿಗೆ ತಾಳಮೇಳವೇ ಇಲ್ಲ. ಆದರೆ ನಾಲ್ಕರಲ್ಲಿ ರಂಜಕ ಅಳೆಯುವ ಆ ನೀಲಿ ಬಣ್ಣ ಸರಿಯಾಗಿ ಏರಲೇ ಇಲ್ಲ, ಯಾಕೆ?

ನಿವೃತ್ತ ಮೇಷ್ಟ್ರು

ಫ್ಲೋರೈಡ್ ಬಣ್ಣಕ್ಕೆ ಅಡ್ಡ ಬರುತ್ತೆ. ಬೋರಿಕ್ ಆಸಿಡ್ ಹಾಕಿ ಆ ನಾಲ್ಕನ್ನು ಮತ್ತೆ ಮಾಡು. ಗಾಜಿನ ಬಾಟಲಿ ಬೇಡ, ಪ್ಲಾಸ್ಟಿಕ್ ತಗೋ. ಹನ್ನೆರಡರ ಅಂಕಿಯೂ ಇಲ್ಲೇ ಹಾಕು, ನೋಡೋಣ.